ಅರ್ಧ ನುಡಿಸಿದ ಯುಗಳಗೀತೆ

ಕಾಸ್ತೆಲ್‌ವೆಂತೋಸೊ
ಜುಲೈ ಹತ್ತೊಂಬತ್ತು, ಸೋಮವಾರ

ಮಿರೆಲ್ಲಾ, ನನ್ನ ಹುಚ್ಚಿನ ಪಾಲುದಾರಳೇ,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನ ಎವೆಲೀನೊ ಅಜ್ಜ ಗಟ್ಟಿಯಾಗಿದ್ದಾರೆ, ಅಜ್ಜಿ ಅವರಿಗಿಂತ ಗಟ್ಟಿ. ಫೋನಿನಲ್ಲಿ ಏನೂ ಹೇಳಕೂಡದು, ನಮ್ಮ ಬ್ಯಾಂಡ್ ಅಭಿಮಾನಿಗಳ ಗುಂಪಿನಲ್ಲಂತೂ ಒಂದಕ್ಷರ ಹಾಕಕೂಡದು ಅಂತ ಎವೆಲೀನೊ ಅಜ್ಜ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಕಾಗದದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವರ್ಷಗಟ್ಟಲೆ ದಿನಾ ಹರಟುತ್ತಿದ್ದೇವೆ, ಆದರೂ ನಿನ್ನ ಕೈಬರಹ ಹೇಗಿದೆ ಅಂತ ನನಗೆ ಗೊತ್ತಿಲ್ಲ. ನನ್ನದು ಇಷ್ಟು ಕೆಟ್ಟದ್ದು ಅಂತ ನನಗೂ ಈಗಲೇ ಗೊತ್ತಾಗಿದ್ದು. ನಗುವ ಮುಖ ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ನು ನಿಂತುಬಿಡುತ್ತೆ ಕಣೇ.

ನೀನು ಕೇಳಿದ್ದು ಒಂದೇ: ಅಜ್ಜ ನುಡಿಸುವುದನ್ನು ಯಾಕೆ ಬಿಟ್ಟರು? ಮೊಮ್ಮಗಳ ಹತ್ತಿರ ಹೇಳದಿದ್ದರೂ ಅಭಿಮಾನಿಯ ಹತ್ತಿರ ಹೇಳಿಯಾರು ಅಂತ ನನ್ನನ್ನು ಅಟ್ಟಿದೆ. ನಾನೂ ಚೀಲ ಹೆಗಲಿಗೇರಿಸಿ ಬಂದುಬಿಟ್ಟೆ. ರೈಲಿನಲ್ಲಿ ಪಕ್ಕದ ಹೆಂಗಸು, ಸಮುದ್ರ ನೋಡೋಕಾ ಅಂತ ಕೇಳಿದರು. ಅಲ್ಲ, ಇಬ್ಬರು ಮುದುಕರನ್ನ ನೋಡೋಕೆ ಅಂದೆ. ಹಾಡುವವರನ್ನು ಕರೆಸಲು ಆಗದ ನಮ್ಮ ದಕ್ಷಿಣದ ಊರುಗಳಲ್ಲಿ ಬ್ಯಾಂಡೇ ಇಡೀ ಒಪೆರಾ ನುಡಿಸುತ್ತದೆ, ನಾಯಕಿಯ ಹಾಡು ಫ್ಲಿಕೋರ್ನೊ ಅನ್ನುವ ಸಣ್ಣ ತುತ್ತೂರಿಯದು, ನಾಯಕನದು ಅದರ ದಪ್ಪ ತಮ್ಮನದು ಅಂತೆಲ್ಲ ವಿವರಿಸಿದೆ. "ಕ್ಷೌರದ ಎವೆಲೀನೊ ನಾಯಕಿ, ಮೀನು ಹಿಡಿಯೋ ಗಾಸ್ಪರೆ ನಾಯಕ. ಮೂವತ್ತು ವರ್ಷದಿಂದ ಇಬ್ರೂ ಪ್ರೇಮಿಗಳು" ಅಂದೆ. ಆಕೆ ತನ್ನ ಕೈಚೀಲವನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡರು.

ಮೊದಲು ಸಿಕ್ಕಿದ್ದು ಗಾಸ್ಪರೆ. ಬಸ್ಸು ನಿಲ್ಲುವುದೇ ಅವರ ದೋಣಿಯ ಪಕ್ಕ. ಬಲೆ ಹೊಲಿಯುತ್ತಾ ಕೂತಿದ್ದರು. ಯುಗಳಗೀತೆ ಕೇಳೋಕೆ ಬಂದೆ ಅಂದಿದ್ದಕ್ಕೆ ತಲೆ ಕೂಡ ಎತ್ತಲಿಲ್ಲ.

"ತಡ ಮಾಡ್ದೆ ಮಗಳೇ. ನಾಯಕಿ ಬಿಟ್ಟೋದ್ಲು. ಮೇಲೆ ಗುಡ್ಡದ ತುದೀಲಿ ಕೂತಿದಾಳೆ, ಮೀಸೆ ಸಮೇತ."

ಯಾಕೆ ಅಂತ ಕೇಳಿದೆ.

"ಹೋದ ಸೆಪ್ಟೆಂಬರ್ ಕಛೇರೀಲಿ ನಾನು ಸ್ವಲ್ಪ ಓಡ್ಬಿಟ್ಟೆ. ಅವನ ಸ್ವರ ಮುಗಿಯೋಕೆ ಮುಂಚೆ ನನ್ನದು ಶುರು ಮಾಡ್ದೆ. ಅದಕ್ಕೆ ಇಷ್ಟು ಸಿಟ್ಟಾ? ಇವನಿಗಿಂತ ಹೆಂಗಸರೇ ವಾಸಿ ಕಣಪ್ಪಾ! ದಿನಾ ಸಂಜೆ ನನ್ನ ಪಾಲು ನಾನು ಊದ್ತಾನೇ ಇದೀನಿ. ಭಾನುವಾರದ ತನಕ ನೋಡ್ತೀನಿ. ಮೇಲಿಂದ ಒಂದು ಸ್ವರ ಬರಲಿಲ್ವೋ, ತುತ್ತೂರಿ ಮೊಳೆಗೆ ನೇತು ಹಾಕ್ತೀನಿ. ಒಬ್ಬನೇ ಪ್ರೀತಿ ಮಾಡಿ ಮಾಡಿ ಸಾಕಾಯ್ತು."

ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದುದೂ ಇದೇ ತಾನೇ? ಓಡಿದ್ದಕ್ಕೆ ಅವಮಾನ, ಅವಮಾನಕ್ಕೆ ಮೌನ. ನಾನೂ ಅದನ್ನೇ ನಂಬಿಕೊಂಡು ಗುಡ್ಡ ಹತ್ತಿದೆ.

ಆ ಸಂಜೆ ನಿಮ್ಮ ಮನೆ ಮುಂದಿನ ಕಟ್ಟೆಯ ಹತ್ತಿರ ಪ್ರವಾಸಿಗರ ಜಾತ್ರೆ. ಎಲ್ಲರ ಫೋನೂ ಸಮುದ್ರದ ಕಡೆಗೆ. ಕೆಳಗಿನಿಂದ ಗಾಸ್ಪರೆಯ ತುತ್ತೂರಿ ಎದ್ದು ಬಂತು. ಒಂದು ಪ್ರಶ್ನೆ ಕೇಳುತ್ತಾರೆ, ನಾಯಕಿ ಉತ್ತರ ಕೊಡುವಷ್ಟು ಹೊತ್ತು ಸುಮ್ಮನಿರುತ್ತಾರೆ, ಆಮೇಲೆ ಉತ್ತರ ಕೇಳಿಸಿಕೊಂಡವರ ಹಾಗೆ ಮುಂದಿನ ಸಾಲಿಗೆ ಹೋಗುತ್ತಾರೆ. ಪ್ರವಾಸಿಗರಿಗೆ ಅದು ಅರ್ಧ ಅಂತಲೇ ಗೊತ್ತಿಲ್ಲ, ಮೌನ ಬಂದಲ್ಲೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ನೋಡುತ್ತಿದ್ದದ್ದು ನಿನ್ನ ಅಜ್ಜನನ್ನು. ಕಟ್ಟೆಯ ಮೇಲೆ ಇಟ್ಟ ಅವರ ಮೂರು ಬೆರಳು ಇಲ್ಲದ ಗುಂಡಿಗಳನ್ನು ಒತ್ತುತ್ತಿದ್ದವು. ಪ್ರತಿ ಮೌನಕ್ಕೂ ಮೊದಲು ಎದೆ ಉಬ್ಬುತ್ತಿತ್ತು. ಮಿರೆಲ್ಲಾ, ಸಿಟ್ಟಾದವರು ಸರಿಯಾದ ಜಾಗದಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ.

ಊಟಕ್ಕೆ ದೊನಾತಾ ಅಜ್ಜಿ ಬಾರ್ಲಿಯ ಒಣರೊಟ್ಟಿ, ಮೇಲೆ ಹಿಂಡಿಕೊಳ್ಳಲು ಟೊಮೇಟೊ ಇಟ್ಟರು. ನಾವಿಬ್ಬರೂ ರೊಟ್ಟಿಯನ್ನು ನೀರಿನಲ್ಲಿ ಒಂದು ಸಲ ಅದ್ದಿ ತೆಗೆದೆವು. ಅಜ್ಜನ ರೊಟ್ಟಿ ನೀರಲ್ಲೇ ಬಿದ್ದಿತ್ತು, ಗಂಜಿಯಾಗುವ ತನಕ.

"ಇನ್ನೂ ಸ್ವಲ್ಪ ನೆನೆಸು ಎವೆಲೀನೊ. ನಾಳೆ ಅದ್ರಲ್ಲಿ ಮೀನು ಬಿಡೋಣ" ಅಂದರು ಅಜ್ಜಿ.

ನಾನೂ ನಮ್ಮೂರ ಬ್ಯಾಂಡಿನಲ್ಲಿ ಮೂರನೇ ಫ್ಲಿಕೋರ್ನೊ ಊದುವವಳಲ್ಲವಾ. ತುತ್ತೂರಿಯವರಿಗೆ ಬೆರಳಿಗಿಂತ ಮುಂಬಲ್ಲು ಮುಖ್ಯ. ತಡೆಯಲಾಗದೆ ಕೇಳಿಬಿಟ್ಟೆ, "ಅಜ್ಜಾ, ಮೇಲಿನ ಹಲ್ಲಾ, ಕೆಳಗಿಂದಾ?"

ಅಜ್ಜ ತುಟಿ ಒರೆಸಿಕೊಂಡರು. "ಮೇಲಿಂದು. ಕಟ್ಟಿಸ್ಕೊಂಡಿದೀನಿ. ಬೇರೆ ಯಾರ್ದೋ ಬಾಯಲ್ಲಿ ಊದಿದ ಹಾಗಿರುತ್ತೆ. ಎತ್ತರದ ಸ್ವರಕ್ಕೆ ಹೋದ್ರೆ ಸ್ವರ ಬರಲ್ಲ, ಹಲ್ಲು ಬರುತ್ತೆ. ಊರ ಚೌಕದಲ್ಲಿ ನಾಯಕಿ ಹಲ್ಲುದುರಿಸ್ಕೊಂಡು ನಿಂತ್ರೆ ಹೇಗಿರುತ್ತೆ ನೀನೇ ಹೇಳು."

"ಗಾಸ್ಪರೆ ಅಜ್ಜನಿಗಾದ್ರೂ ಹೇಳ್ಬೋದಿತ್ತು."

"ಗಾಸ್ಪರೆಗಾ! ಕ್ರಿಸ್‌ಮಸ್‌ವರೆಗೂ ನಗ್ತಾನೆ ಅವನು. ಸಿಟ್ಟು ಅಂತಾನೇ ಅಂದ್ಕೊಳ್ಳಲಿ ಬಿಡು. ಸಿಟ್ಟಿಗಾದ್ರೂ ಒಂದು ಮರ್ಯಾದೆ ಇದೆ."

"ಮರ್ಯಾದೆಯಂತೆ!" ಅಜ್ಜಿ ತಟ್ಟೆ ಎತ್ತುತ್ತಾ ಅಂದರು. "ಕೆಳಗಡೆ ಆ ಮುದುಕ ದಿನಾ ಬಂಡೆಗೆ ಹಾಡು ಹೇಳ್ತಿದಾನೆ. ಇವರ ಮರ್ಯಾದೆ ಮಾತ್ರ ರಾತ್ರಿಯಿಡೀ ಲೋಟದ ನೀರಲ್ಲಿ ಆರಾಮಾಗಿ ಮಲಗಿರುತ್ತೆ."

ಭಾನುವಾರದ ಗಡುವಿನ ವಿಷಯ ನಾನು ಆಗ ಹೇಳಿದೆ. ಅಜ್ಜನ ಚಮಚ ಅಲ್ಲೇ ನಿಂತಿತು. ಆಣೆ ಮಾಡಿಸಿಕೊಂಡದ್ದೂ ಆಗಲೇ.

ನಿನ್ನೆ ಭಾನುವಾರ. ಸಂಜೆ ಗಾಳಿ ನಿಂತ ಹೊತ್ತಿಗೆ ಅಜ್ಜ ತಮ್ಮ ತುತ್ತೂರಿ ತಂದು ನನ್ನ ಕೈಯಲ್ಲಿಟ್ಟರು. ಅವರ ತುತ್ತೂರಿ, ಮಿರೆಲ್ಲಾ! ಫೋನಾಗಿದ್ದರೆ ನಲವತ್ತು ಕಿರುಚಾಟ ಕಳಿಸಿರುತ್ತಿದ್ದೆ. "ನೀನು ಊದು. ಉಸಿರು ಎಲ್ಲಿ ಅಂತ ನಾನು ಹೇಳ್ತೀನಿ" ಅಂದರು. ಕೆಳಗಿನಿಂದ ಪ್ರಶ್ನೆ ಬಂತು. ಅಜ್ಜ ನನ್ನ ಭುಜ ತಟ್ಟಿದರು. ಊದಿದೆ. ಹೇಗೆ ಊದಿದೆ ಅಂತ ಕೇಳಬೇಡ. ಎರಡನೇ ಸಾಲು ಮುಗಿಯುವ ಮೊದಲೇ ಕೆಳಗೆ ಎಲ್ಲ ಸ್ತಬ್ಧ. ನಾವು ಕಾದೆವು. ಏನೂ ಇಲ್ಲ.

"ಕೊಂದೇ ಬಿಟ್ಯಲ್ಲೇ ಅವನನ್ನ" ಅಂದರು ಅಜ್ಜಿ.

ಸೂರ್ಯ ನೀರು ಮುಟ್ಟುವ ಹೊತ್ತಿಗೆ ನಿಂಬೆ ಸಾಗಿಸುವ ಮೂರು ಗಾಲಿಯ ಗಾಡಿ ಗುರುಗುಟ್ಟುತ್ತಾ ಮೇಲೆ ಬಂತು. ಹಿಂದೆ ಬುಟ್ಟಿಗಳ ನಡುವೆ ಗಾಸ್ಪರೆ! ಮಂಡಿನೋವು ಅಂತ ವರ್ಷಗಳಿಂದ ಗುಡ್ಡ ಹತ್ತದ ಮನುಷ್ಯ.

"ನನ್ನ ಯುಗಳಗೀತೇಲಿ ಯಾವ ಕತ್ತೆ ಸಾಯ್ತಾ ಇದ್ದಿದ್ದು?"

"ನಾನೇ" ಅಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ನೀನು ಊದಲ್ಲ, ಬೀದೀಲಿ ಹೋಗೋ ಮಕ್ಕಳ ಕೈಲಿ ಊದಿಸ್ತೀಯಾ? ಒಂದೇ ಒಂದು ಸಲ ನಾನು ಓಡಿದ್ದಕ್ಕೆ ಇಷ್ಟು ದಿನ ಶಿಕ್ಷೆನೇನೋ ಎವೆಲೀನೊ?"

ಅಜ್ಜ ಬಾಯಿಗೆ ಕೈ ಹಾಕಿ, ಹಲ್ಲಿನ ಸಾಲು ತೆಗೆದು, ಅಂಗೈಯಲ್ಲಿ ಹಿಡಿದು ತೋರಿಸಿದರು. ಈಗ ನಗ್ತಾರೆ, ಈಗ ನಗ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ನಗು ಕೇಳಲಿಲ್ಲ. ಟಕ್ ಅಂತ ಒಂದು ಸದ್ದು ಕೇಳಿತು. ಕಣ್ಣು ಬಿಟ್ಟರೆ ಗಾಸ್ಪರೆಯ ಅಂಗೈಯಲ್ಲೂ ಒಂದು ಸಾಲು, ಅಜ್ಜನದಕ್ಕಿಂತ ಉದ್ದ!

"ದೋಣಿ ಹಗ್ಗ ಕಿತ್ತು ಮುಖಕ್ಕೆ ಹೊಡೀತಲ್ಲ, ಆವತ್ತಿಂದ" ಅಂದರು, ಮಾತು ಅರ್ಧ ಗಾಳಿಯಾಗಿ.

"ಅದಾಗಿ ಎಷ್ಟು ವರ್ಷ ಆಯ್ತು! ನಂಗೆ ಹೇಳ್ಳೇ ಇಲ್ವಲ್ಲೋ?"

"ನೀನು ನಗ್ತಿದ್ದೆ."

ಅಜ್ಜ ಯೋಚಿಸಿದರು. "ಹೂಂ, ನಗ್ತಿದ್ದೆ."

"ಸೆಪ್ಟೆಂಬರಲ್ಲಿ ಓಡಿದ್ದೂ ಅದಕ್ಕೇ ಕಣೋ. ಅಂಟು ಸಡಿಲ ಆಗಿತ್ತು. ಬೀಳೋದ್ರೊಳಗೆ ಮುಗಿಸ್ಬೇಕಿತ್ತು."

ಆಮೇಲೆ ಇಬ್ಬರೂ ನಕ್ಕರು ನೋಡು, ಬೋಳು ಬಾಯಿ ಅಗಲಿಸಿ, ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಪಕ್ಕದಲ್ಲೇ ಒಂದು ಹೊಸ ಜೋಡಿ ಮುಳುಗುವ ಸೂರ್ಯನ ಫೋಟೋ ತೆಗೆಯುತ್ತಿತ್ತು, ಇತ್ತ ತಿರುಗಿಯೂ ನೋಡಲಿಲ್ಲ.

"ಪ್ರೇಮಿಗಳೇ, ಬಾಯಿ ಮುಚ್ಕೊಳ್ಳಿ. ಬಂದ ಜನ ಹೆದರಿ ಓಡಿಹೋಗ್ತಾರೆ" ಅಂದರು ಅಜ್ಜಿ, ತಾವೂ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡು.

ಕಟ್ಟಿಸಿದ ಹಲ್ಲಿನಲ್ಲಿ ಊದುವುದಕ್ಕೆ ಒಂದು ಚಳಿಗಾಲವಿಡೀ ಬೇಕಾಯಿತಂತೆ ಗಾಸ್ಪರೆಗೆ. ಮೊದಲು ತಗ್ಗಿನ ಸ್ವರ, ಉದ್ದುದ್ದ, ತುಟಿಯ ಅಂಚಿನಲ್ಲಿ ಹಿಡಿತ, ಎತ್ತರದ್ದು ಕೊನೆಗೆ. ಸಣ್ಣ ತುತ್ತೂರಿಗೆ ಇನ್ನೂ ಕಷ್ಟವಂತೆ. ಆಗುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಆಗಸ್ಟಿನ ಕಛೇರಿಗೆ ನಾಯಕಿ ಯಾರು ಅಂತಲೂ ಗೊತ್ತಿಲ್ಲ. ಆದರೆ ಗಾಸ್ಪರೆ ಮೊಳೆ ಹುಡುಕುತ್ತಿಲ್ಲ, ಅಷ್ಟಂತೂ ನಿಜ.

ನೀನು ಫೋನ್ ಮಾಡಿದರೆ ಹಲ್ಲಿನ ಸುದ್ದಿ ಎತ್ತಬೇಡ, ದಮ್ಮಯ್ಯ. ಟೊಮೇಟೊ ಹೇಗಿದೆ ಅಂತ ಕೇಳು. ಉಳಿದದ್ದನ್ನು ಅವರೇ ಹೇಳಲಿ.

ನಿನ್ನ ಕೆಟ್ಟ ಕೈಬರಹದ,
ತೆಕ್ಲಾ

ತಾ.ಕ.: ಅಂಚೆಗೆ ಹಾಕುವುದು ನಾಳೆಗೆ ಹೋಯಿತು, ಒಳ್ಳೆಯದೇ ಆಯಿತು. ಇವತ್ತು ಸಂಜೆ ಕೆಳಗಿನಿಂದ ಮಾಮೂಲಿನ ಪ್ರಶ್ನೆ ಬಂತು. ಅಜ್ಜನ ಕ್ಷೌರದಂಗಡಿಯ ಬಾಗಿಲು ಹಾಕಿತ್ತು, ಸಮುದ್ರದ ಕಡೆಯ ಕಿಟಕಿ ಮಾತ್ರ ತೆರೆದಿತ್ತು. ಅಲ್ಲಿಂದ ಒಂದು ಸ್ವರ ಹೊರಟಿತು. ನಾಯಕಿಯದಲ್ಲ, ಬಹಳ ತಗ್ಗಿನದು. ನಡುವೆ ಒಡೆದು ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು, ಮತ್ತೆ ಒಡೆಯಿತು. ಮೂರನೇ ಸಲಕ್ಕೆ ಅದು ಪೂರ್ತಿ ಮುಗಿಯುವ ತನಕ ಗಾಸ್ಪರೆ ಮುಂದಿನ ಸಾಲು ಎತ್ತಿಕೊಳ್ಳಲಿಲ್ಲ.