ಬೇಡವೆಂದ ಸಮನ್ಸ್

ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಅಂತ ನಂಬಿದ್ದೀನಿ. ನಿನ್ನ ಪತ್ರ ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೈಕೋಬೇಡ. ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ನನ್ನ ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮಾತಾಡಿದರೆ ಸೀಟಿ ಹೊಡೆದ ಹಾಗಿರುತ್ತೆ, ಅವಳಿಗೇ ನಗು.

ಹೇಳಿಬಿಡ್ತೀನಿ. ಹೋದ ತಿಂಗಳು ನಮ್ಮ ಆಸ್ಪತ್ರೆ ಲಾಂಡ್ರಿಗೆ ಕೋರ್ಟಿನ ಜವಾನ ಬಂದ. ನಾನು ಹಾಸಿಗೆ ಬಟ್ಟೆ ಮಡಚ್ತಿದ್ದೆ. ಲಕೋಟೆ ಚಾಚಿ, ಸಮನ್ಸ್ ಅಂದ. ನನ್ನನ್ನ ಹಿಡಿದುಕೊಂಡು ಹೋಗೋಕೆ ಬಂದಿದ್ದಾನೆ ಅಂದುಕೊಂಡೆ. ಕೈಗೆ ತಗೊಂಡ್ರೆ ತಾನೆ ನನಗೆ ಅಂಟೋದು ಅಂತ, ಬೇಡ ಅಂದೆ. ಅವನು ಏನೋ ಗೀಚಿಕೊಂಡು ಹೋದ. ಪೀಡೆ ತೊಲಗಿತು ಅಂತ ಆವತ್ತು ಹೊಟ್ಟೆ ತುಂಬ ಉಂಡೆ, ನೋಡು ನನ್ನ ಬುದ್ಧಿ.

ಮೊನ್ನೆ ನಮ್ಮ ಮೇಲ್ವಿಚಾರಕಿ ನನ್ನನ್ನ ಕೋರ್ಟಿನ ಬಾಗಿಲಲ್ಲಿ ಕೂರೋ ಟೈಪಿಸ್ಟ್ ಅಜ್ಜನ ಹತ್ತಿರ ಎಳಕೊಂಡು ಹೋದಳು. ಸಮನ್ಸ್ ಅಂದ್ರೆ ಬಂದು ನಿನ್ನ ಮಾತು ಹೇಳು ಅನ್ನೋ ಕರೆ, ಅಷ್ಟೇ ಅಂತೆ. ಬೇಡ ಅಂದ್ರೂ ಕೊಟ್ಟ ಹಾಗೇ ಅಂತೆ. ಪುಟ್ಟಿ ತನ್ನ ಸುಪರ್ದಿಗೆ ಬೇಕು, ಅಂದ್ರೆ ತನ್ನ ಹತ್ತಿರವೇ ಬೆಳೀಬೇಕು ಅಂತ ಅವಳಪ್ಪ ಅರ್ಜಿ ಹಾಕಿದ್ದಾರೆ. ಆ ಕೇಸಿನಲ್ಲಿ ನಾನು ಎದುರುದಾರಳಂತೆ, ಅಂದ್ರೆ ಎದುರು ಪಕ್ಷದವಳು. ಮದುವೆಯಾದಾಗಿನಿಂದ ಅವರಿಗೆ ಒಂದು ಮಾತು ಎದುರಾಡದವಳು! ಸಮನ್ಸ್‌ನಲ್ಲಿದ್ದ ದಿನ ನಾನು ಹೋಗದೇ ಇದ್ದದ್ದಕ್ಕೆ ನ್ಯಾಯಾಧೀಶರು ಏಕಪಕ್ಷೀಯ ಅಂತ ಬರೆದಿದ್ದಾರೆ.

"ಹಂಗಂದ್ರೆ ನೀನಿಲ್ಲದೆಯೇ ತೀರ್ಪು ಕೊಡಬಹುದು ಕಣಮ್ಮ," ಅಂದ ಅಜ್ಜ.

ಈಗ ಏನು ಮಾಡಬೇಕು ಅಂತ ಅವನನ್ನೇ ಕೇಳಿದೆ.

ಸೋಮವಾರ ವಿಚಾರಣೆ. ಹೆದರಿಕೊಂಡು ಬೇಡ ಅಂದೆ, ನನ್ನ ಮಾತೂ ಕೇಳಿ ಅಂತ ಅರ್ಜಿ ಕೊಡಬೇಕು. ಒಪ್ಪದಿದ್ದರೆ ಏನು ಗತಿ ಅಕ್ಕ? ಸ್ಕೂಲ್ ಗೇಟಿನ ಹತ್ತಿರ ಯಾವ ಗಂಡಸು ನಿಂತಿದ್ದರೂ ಅವರೇ ಅನಿಸುತ್ತೆ. ಪುಟ್ಟಿ ಕೈ ಎಷ್ಟು ಬಿಗಿಯಾಗಿ ಹಿಡೀತೀನಿ ಅಂದ್ರೆ, ನೋಯುತ್ತಮ್ಮ ಅಂತಾಳೆ. ಆದರೂ ಬಿಡೋಕೆ ಭಯ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ

ತಾ.ಕ.: ಪುಟ್ಟಿಯ ಅಪ್ಪ ಹಾಕಿದ ಅರ್ಜಿಯ ನಕಲು ಇವತ್ತು ಕೈಗೆ ಬಂತು. ಜೊತೆಗೆ ಒಂದು ಅಫಿಡವಿಟ್ ಇದೆ, ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ. ಪುಟ್ಟಿಯನ್ನ ಹೆತ್ತ ಮೇಲೆ ಮೂರು ದಿನ ನಾನು ಮಗುವನ್ನ ಎತ್ತಿಕೊಳ್ಳದೆ ಗೋಡೆ ಕಡೆ ತಿರುಗಿ ಮಲಗಿದ್ದೆ ಅಂತ ಅದರಲ್ಲಿದೆ. ಅದು ನಿಜ. ಆ ಕೋಣೆಯಲ್ಲಿ ಇದ್ದವಳು ನೀನೊಬ್ಬಳೇ. ಕೆಳಗೆ ನಿನ್ನ ಸಹಿ ಇದೆ. ಭಾವನ ಕೆಲಸ ಪುಟ್ಟಿಯ ಅಪ್ಪನ ಕೈಯಲ್ಲಿದೆ ಅಂತ ಗೊತ್ತು ಅಕ್ಕ. ಆದರೆ ನಾಲ್ಕನೇ ದಿನ ಅವಳನ್ನ ನನ್ನ ಎದೆ ಮೇಲೆ ಮಲಗಿಸಿದವಳೂ ನೀನೇ ತಾನೆ? ಆಮೇಲೆ ನಾನು ಅವಳನ್ನ ಯಾರ ಕೈಗೂ ಕೊಡಲಿಲ್ಲ, ನಿನ್ನ ಕೈಗೂ. ಅದನ್ನ ಯಾಕೆ ಬರೆಸಲಿಲ್ಲ?