ಎಲೆಯ ಮುಂದೆ ಕೂತ ಹುಳು

ಬುಧವಾರ, ಸಂಜೆ

ನನ್ನ ಅಮ್ಮಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮೊದಲು ಊಟ ಆಯ್ತಾ ಅಂತ ಕೇಳುತ್ತೀಯ, ನಾನು ಆಯ್ತು ಅನ್ನುತ್ತೇನೆ, ಆಮೇಲೆ ಮಾತು ಬೇರೆ ದಾರಿ ಹಿಡಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡಕ್ಕೆ ನಗಬೇಡ. ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ ಸ್ಕೂಲಿನಲ್ಲಿ ಬೆಳೆದವಳಿಗೆ ಒತ್ತಕ್ಷರ ನೆನಪಿರುವುದೇ ದೊಡ್ಡದು.

ಈ ವಾರ ಕಾಲೇಜಿನ ಲ್ಯಾಬಿನಲ್ಲಿ ಹೊಸ ಥರದ ಕೀಟನಾಶಕದ ಪಾಠ. ಎರಡು ಡಬ್ಬಿ, ಎರಡರಲ್ಲೂ ಕೋಸಿನ ಎಲೆ, ಹಸಿರು ಹುಳುಗಳು. ಒಂದರ ಎಲೆಗೆ ಮಾತ್ರ ಔಷಧಿ. (ಗ್ಲೌಸ್ ಹಾಕಿಕೊಂಡೇ ಮುಟ್ಟಿದೆ, ಗಾಬರಿಯಾಗಬೇಡ.) ಮಾರನೇ ದಿನ ನೋಡಿದರೆ ಔಷಧಿ ಹಾಕದ ಎಲೆ ಜರಡಿಯಾಗಿತ್ತು. ಔಷಧಿಯ ಎಲೆಯಲ್ಲಿ ಅಂಚು ಒಂಚೂರು ಹೋಗಿತ್ತು, ಅಷ್ಟೇ. ಹುಳುಗಳು ಸತ್ತಿರಲಿಲ್ಲ. ಎಲೆಯ ಮುಂದೆ ಕುಗ್ಗಿ ಕೂತಿದ್ದವು.

ಪಾಪ ಅನ್ನಿಸಿತು. ವಾಸನೆ ಹಿಡಿಸಿಲ್ಲವೇನೋ ಅಂದುಕೊಂಡು, ಎಳೇ ಎಲೆ ತೊಳೆದು ತಂದು ಒಂದೊಂದರ ಬಾಯಿಯ ಹತ್ತಿರವೇ ಇಟ್ಟೆ. ಎಕ್ಸ್‌ಪೆರಿಮೆಂಟ್ ಕೆಟ್ಟುಹೋಯಿತು. ನನ್ನ ರೂಮ್‌ಮೇಟ್ ಕೊಕ್ಕರೆ (ಉದ್ದ ಕಾಲಿನವಳು, ನಾನೇ ಇಟ್ಟ ಹೆಸರು) ಹುಳಕ್ಕೆ ತುತ್ತಿಡುವ ಮಹಾತಾಯಿ ಎಂದು ಇಡೀ ಬೆಂಚಿಗೆ ಕೇಳುವಂತೆ ಹೇಳಿದಳು. ಅವು ಆ ಎಲೆಯನ್ನೂ ಮುಟ್ಟಲಿಲ್ಲ. ಎಷ್ಟು ಹಟ ನೋಡಿ ಮೇಡಂ, ಎಂದೆ.

ಲ್ಯಾಬಿನ ಪಾಠ ಮಾಡುವ ಮೇಡಂ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಹಟ ಅಲ್ಲ ಕಣಮ್ಮ ಅದು. ತಿನ್ನೋಕೆ ಆಗ್ತಿಲ್ಲ ಅದಕ್ಕೆ."

ಆಮೇಲೆ ಬಿಡಿಸಿ ಹೇಳಿದರು. ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಕೂಡಿಡುವ ಒಂದು ಪುಟ್ಟ ಉಗ್ರಾಣ ಇರುತ್ತದಂತೆ. ಅದರ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಗೆ ಬಂದರೆ ಸ್ನಾಯು ಬಿಗಿಯುತ್ತದೆ, ಬಾಗಿಲು ಮುಚ್ಚಿ ಅದು ಒಳಗೆ ಹೋದರೆ ಸಡಿಲವಾಗುತ್ತದೆ. ಈ ಔಷಧಿ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಕ್ಯಾಲ್ಸಿಯಂ ಸೋರುತ್ತಲೇ ಇರುತ್ತದೆ, ಬಿಗಿದದ್ದು ಬಿಗಿದಂತೆಯೇ. ದವಡೆ ಆಡುವುದಿಲ್ಲ. ಪ್ರಾಣ ಹೋಗುವುದು ಆಮೇಲೆ, ಊಟ ನಿಲ್ಲುವುದು ಮೊದಲು. ನಮ್ಮಲ್ಲೂ ಅಂಥ ಬಾಗಿಲಿದೆ, ಆದರೆ ರಚನೆ ಸ್ವಲ್ಪ ಬೇರೆ, ಈ ಔಷಧಿ ಅದಕ್ಕೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ.

ನಾನು ಎಲ್ಲರ ಮುಂದೆ ಅತ್ತುಬಿಟ್ಟೆ ಅಮ್ಮಾ. ಹುಳಕ್ಕಾಗಿ ಅಲ್ಲ.

ಸ್ಕೂಲಿನ ಹಾಸ್ಟೆಲ್ಲಿನಲ್ಲಿ ನಾನು ತಟ್ಟೆ ನೆಕ್ಕುತ್ತಿದ್ದವಳು, ನಿನಗೇ ಗೊತ್ತು. ಇಲ್ಲಿ ಮೊದಲ ತಿಂಗಳೇ ಕ್ಲಾಸಿನಲ್ಲಿ ಎದ್ದು ಉತ್ತರ ಹೇಳಲು ಹೋಗಿ ಒಂದು ಶಬ್ದವೂ ಹೊರಡಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಅವತ್ತಿನಿಂದ ಊಟದ ಹಾಲಿಗೆ ಕಾಲಿಟ್ಟರೆ ಸಾಕು, ಗಂಟಲು ಹಿಡಿದುಕೊಳ್ಳುತ್ತದೆ. ತಟ್ಟೆ ಮುಂದಿರುತ್ತದೆ, ಹಸಿವೂ ಇರುತ್ತದೆ, ಆದರೆ ತುತ್ತು ಇಳಿಯುವುದಿಲ್ಲ. ಬೇರೆ ಹುಡುಗಿಯರು ಡಯಟ್ ಅಂತ ತಮಾಷೆ ಮಾಡುತ್ತಾರೆ. ದೊಗಳೆಯಾದ ಬಟ್ಟೆಗೆ ಪಿನ್ನು ಹಾಕಿ ನಡೆಸುತ್ತಿದ್ದೇನೆ. ನಾನೂ ನನಗೇ ಹಟಮಾರಿ, ಹಟಮಾರಿ ಎಂದು ಬೈದುಕೊಳ್ಳುತ್ತಿದ್ದೆ.

ಹುಳದ ಕಥೆಯೇ ಬೇರೆ, ನನ್ನದೇ ಬೇರೆ. ಪರೀಕ್ಷೆಯಲ್ಲಿ ಎರಡನ್ನೂ ಸೇರಿಸಿ ಬರೆದರೆ ಮೇಡಂ ಸೊನ್ನೆ ಕೊಡುತ್ತಾರೆ. ಆದರೂ ಹಟ ಅಲ್ಲ ಎಂಬ ಆ ಒಂದು ಮಾತು ನನಗೇ ಹೇಳಿದಂತಿತ್ತು.

ನೀನು ಆಸ್ಪತ್ರೆಯ ಅಡುಗೆಮನೆಯಲ್ಲಿ ವಾಪಸ್ ಬಂದ ತಟ್ಟೆ ನೋಡಿಯೇ ಯಾವ ಮಂಚದವರು ಚೇತರಿಸಿಕೊಂಡರು ಎಂದು ಹೇಳುವವಳು. ನನ್ನ ತಟ್ಟೆ ನಿನಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ದನಿಯಲ್ಲಿ ಮೋಸ ಮಾಡುವುದು ಸುಲಭ. ಕೋಪ ಮಾಡಿಕೊಳ್ಳಬೇಡ.

ನಿನ್ನ,
ಚಿಣ್ಣಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅತ್ತದ್ದು ಯಾಕೆ ಎಂದು ಕೇಳಿ ತಿಳಿದುಕೊಂಡು ಮೇಡಂ ನಿನ್ನೆ ನನ್ನನ್ನು ಕಾಲೇಜಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಇದು ಗುಣವಾಗುತ್ತದೆ, ಶನಿವಾರ ಮನೆಯವರೊಬ್ಬರ ಜೊತೆ ಬಾ ಅಂದರು ಡಾಕ್ಟರ್. ಅಮ್ಮನಿಗೆ ರಜೆ ಸಿಗುವುದಿಲ್ಲ ಎಂದುಬಿಟ್ಟೆ. ನಿನ್ನನ್ನು ಕೇಳೇ ಇರಲಿಲ್ಲ. ಈಗ ಕೇಳುತ್ತಿದ್ದೇನೆ. ಬರುತ್ತೀಯಾ?