ಬುತ್ತಿ ಕಾಯುವವರು

ಬೈಲಹೊಂಗಲ
ಬುಧವಾರ

ಹಿರಿಯರಾದ ವಿರೂಪಾಕ್ಷ ಭಾವನವರಿಗೆ ರಾಜೇಶ್ವರಿಯ ಶರಣು.

ಭಾನುವಾರ ಎಲ್ಲರೂ ಕಿತ್ತೂರಿನ ಕಡೆಯ ವೃಕ್ಷವನಕ್ಕೆ ಹೋಗಲು ನೀವು ಯರಗಟ್ಟಿಯಿಂದ ಕಳಿಸಿದ ಪಟ್ಟಿ ತಲುಪಿತು. ಗಾಡಿ, ಜಮಖಾನೆ, ನೀರಿನ ಕ್ಯಾನು, ಯಾವುದಕ್ಕೂ ನನ್ನ ತಕರಾರಿಲ್ಲ. ‘ಬುತ್ತಿ ಕಾಯಲು ಅವ್ವ’ ಎಂಬ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ.

ಪ್ರತಿ ವರ್ಷ ನಾವು ಮರಗಳ ನಡುವೆ ಅಡ್ಡಾಡಿ ಬರುತ್ತೇವೆ. ಅತ್ತೆಯವರು ಕೋಲು ಹಿಡಿದು ಮಂಗಗಳನ್ನು ಓಡಿಸುತ್ತ ಗೇಟಿನ ಬಳಿಯ ಆಲದ ಕೆಳಗೆ ಕೂತಿರುತ್ತಾರೆ. ಆರು ವರ್ಷದಲ್ಲಿ ಒಳಗಿನ ಕೆರೆಯನ್ನು ಅವರು ಒಮ್ಮೆಯೂ ನೋಡಿಲ್ಲ. ನಾನೂ ಅಡ್ಡಾಡಿ ಬಂದವಳೇ, ಆ ತಪ್ಪು ನನ್ನದೂ ಹೌದು. ಕೆರೆ ನೋಡುವ ಆಸೆ ಇದೆಯೇ ಎಂದು ನಿನ್ನೆ ಅವರನ್ನು ಕೇಳಿದೆ. “ಆಶಾ ಐತಿ ಬಿಡವಾ. ಆದ್ರ ನಾ ಎದ್ದು ಹ್ವಾದ್ರ ಮಂಗ್ಯಾಗೋಳು ನಿಮಗ ಹೋಳಿಗಿ ಉಳಸ್ತಾವೇನು?” ಎಂದು ನಕ್ಕರು. ಮುಂದಿನ ತಿಂಗಳು ಅವರ ಮೊಣಕಾಲಿನ ಆಪರೇಷನ್. ಆಮೇಲೆ ಎಷ್ಟು ನಡೆಯಬಲ್ಲರೆಂದು ಡಾಕ್ಟರೂ ಖಚಿತವಾಗಿ ಹೇಳುತ್ತಿಲ್ಲ.

ಆದ್ದರಿಂದ ಈ ಸಲ ಬುತ್ತಿಯನ್ನು ನೀವು ಕಾಯಬೇಕು. ಗಂಡಸರು ಬುತ್ತಿ ಕಾಯುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ ಎನ್ನುತ್ತೀರಿ, ಗೊತ್ತು. ನಿಮಗೆ ಆಗದಿದ್ದರೆ ನಾನು ಬುತ್ತಿಯನ್ನೇ ಕಟ್ಟುವುದಿಲ್ಲ. ಎಲ್ಲರೂ ಮನೆಯಲ್ಲೇ ಉಂಡು ಬನ್ನಿ.

ಕೆರೆಯ ತನಕ ಹೋಗಿ ಬರಲು ಅತ್ತೆಯವರಿಗೆ ಎರಡು ತಾಸು ಬೇಕು. ಅಷ್ಟು ಹೊತ್ತು ಹಸಿವೆ ಎಂದು ಯಾರೂ ಅವರನ್ನು ಕೂಗಿ ಕರೆಯಬಾರದು.

ನಿಮ್ಮ ತಮ್ಮನ ಹೆಂಡತಿ,
ರಾಜೇಶ್ವರಿ